ಬಾಲಂಗೋಚಿ ಇಲ್ಲದ ವಿಮಾನ

ಆಷಾಢದ ಮೊದಲ ಏಕಾದಶಿಯ ಬೆಳಿಗ್ಗೆ ವರಲಕ್ಷ್ಮಮ್ಮ ಅಂಗಳ ಸಾರಿಸಲೆಂದು ಸಗಣಿ ಕಲಸಿದ ಬಕೆಟ್ಟಿಗೆ ಕೈ ಹಾಕಿದ್ದಳಷ್ಟೆ, ಮನೆಯ ಸೂರು ದಾಟಿಕೊಂಡು ಒಂದು ವಿಮಾನ ಬಂದು ಅದರೊಳಗೆ ಮೂಗು ಮುಳುಗಿಸಿತು.

"ರೀ! ನಿಮ್ಮ ಕೂಸು ಇಲ್ಲಿ ಸಗಣಿಗೆ ಬಿದ್ದಿದೆ, ಬನ್ನಿ!"

ಹಿತ್ತಲಿನಿಂದ ಅವಳ ಗಂಡ ರಾಮಾಂಜಿನಪ್ಪ ಓಡಿ ಬಂದ. ಅವನ ಪಂಚೆಯ ಚುಂಗು ಹಿಡಿದುಕೊಂಡು ಪುಟ್ಟ ಮಗಳು ಅನುಸೂಯ ಬಂದಳು. ರಾಮಾಂಜಿನಪ್ಪ ದೊಡ್ಡಬಳ್ಳಾಪುರದ ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಬಿದಿರು ಕಡ್ಡಿ, ಗಾಳಿಪಟದ ಕಾಗದ ಮತ್ತು ಮೈದಾ ಅಂಟಿನಿಂದ ತಾನೇ ಮಾಡಿದ ಆ ವಿಮಾನವನ್ನು ಅವನು ಎರಡು ಕೈಯಲ್ಲೂ ಎತ್ತಿಕೊಂಡ ರೀತಿ ನೋಡಿದ್ದರೆ ಯಾವ ಸೂಲಗಿತ್ತಿಯಾದರೂ ತಲೆದೂಗುತ್ತಿದ್ದಳು.

"ಹಿತ್ತಲಲ್ಲಿ ಮೆಲ್ಲಗೆ ಬಿಟ್ಟೆ ಕಣೇ. ಈ ಹಾಳು ಗಾಳಿ ಒಣಗಿದ ಎಲೆ ಥರ ಹಿಂದಕ್ಕೆ ತಂದು ಹಾಕ್ಬಿಡ್ತು."

"ಗಾಳಿಗೆ ಗೊತ್ತು, ಇದು ಎಲ್ಲಿಗೆ ಸೇರ್ಬೇಕಾದ್ದು ಅಂತ," ಎಂದಳು ವರಲಕ್ಷ್ಮಮ್ಮ. ಆದರೆ ಹಾಗೆನ್ನುತ್ತಲೇ ಸೆರಗಿನ ತುದಿಯಿಂದ ವಿಮಾನದ ಮೂಗು ಒರೆಸಿದಳು. ಆ ವಿಮಾನ ಇವತ್ತು ಹಾರದಿದ್ದರೆ ಗಂಡನ ಗತಿ ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು.

ಈ ಎಲ್ಲ ಫಜೀತಿಗೂ ಮೂಲ ಒಂದು ದಾರದ ಉಂಡೆ. ದೊಡ್ಡಬಳ್ಳಾಪುರದಲ್ಲಿ ಆಷಾಢದ ಗಾಳಿ ಎದ್ದಿತೆಂದರೆ ಮಗ್ಗಗಳೂ ಒಂದು ಗಳಿಗೆ ಸದ್ದು ನಿಲ್ಲಿಸಿ ಮೇಲೆ ನೋಡುತ್ತವೆ. ವರಲಕ್ಷ್ಮಮ್ಮನ ಅಣ್ಣ ಮುನಿವೆಂಕಟಪ್ಪ ಊರಿಗೇ ಹೆಸರಾದ ಗಾಳಿಪಟಗಾರ. ಆಳೆತ್ತರದ ಪಟ ಬಿಡುವವನು. ಅಷ್ಟು ದೊಡ್ಡ ಪಟ ಎಳೆಯುವಾಗ ಹಿಂದೆ ನಿಂತು ದಾರದ ಉಂಡೆ ಹಿಡಿಯಲು ಒಬ್ಬರು ಬೇಕು. ಮದುವೆಯ ಹೊಸತರಲ್ಲಿ, ತಂಗಿಯ ಗಂಡನಿಗೆ ಒಂದು ಮರ್ಯಾದೆ ಇರಲಿ ಎಂದು ಅವನು "ಹಿಡ್ಕೊಳ್ಳಿ ಮೇಷ್ಟ್ರೇ" ಎಂದು ಕೊಟ್ಟಿದ್ದ ಉಂಡೆ ಆಮೇಲೆ ರಾಮಾಂಜಿನಪ್ಪನ ಕೈ ಬಿಡಲೇ ಇಲ್ಲ. ಪ್ರತಿ ಆಷಾಢದಲ್ಲೂ ಮುನಿವೆಂಕಟಪ್ಪ ಆಕಾಶ ನೋಡುತ್ತ ಓಡುವುದು, ರಾಮಾಂಜಿನಪ್ಪ ಉಂಡೆ ನೋಡುತ್ತ ಅವನ ಹಿಂದೆ ಓಡಿ ಕಲ್ಲಿಗೋ ಕಳ್ಳಿಗೋ ಎಡವುವುದು. ಸ್ಕೂಲಿನ ಹುಡುಗರು "ಉಂಡೆ ಮೇಷ್ಟ್ರು" ಎಂದು ಹೆಸರಿಟ್ಟರು. ಅವನು ಅದನ್ನೂ ನುಂಗಿಕೊಂಡಿದ್ದ. ಆದರೆ ಈಚೆಗೊಂದು ಸಂಜೆ ಅನುಸೂಯ ಅಳುತ್ತ ಬಂದು "ಅಪ್ಪಾ, ನನ್ನ ಉಂಡೆ ಮರಿ ಅಂತಾರೆ" ಎಂದಾಗ ಅವನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದ.

ಬೆಂಗಳೂರಿನ ವಿಮಾನದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವನ ಗೆಳೆಯನೊಬ್ಬ, ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಿಗೆ ಬಂದಿದ್ದಾಗ, ಆಟದ ವಿಮಾನ ಮಾಡುವ ಬಗೆ ತೋರಿಸಿಕೊಟ್ಟಿದ್ದ. ಗುಟ್ಟೆಲ್ಲ ಇರುವುದು ತೂಕದ ನಡುವಿನಲ್ಲಿ. ರೆಕ್ಕೆಗಳ ಕೆಳಗೆ, ಮುಂದಿನ ಅಂಚಿಗೆ ಸ್ವಲ್ಪ ಹತ್ತಿರವಾಗಿ, ಆ ಕಡೆ ಒಂದು ಈ ಕಡೆ ಒಂದು ಬೆರಳು ಕೊಟ್ಟು ಎತ್ತಬೇಕು. ತಕ್ಕಡಿಯ ದಂಡಿಯಂತೆ ಸಮನಾಗಿ ನಿಂತರೆ ಹಾರುತ್ತದೆ. ಬಾಲ ಕುಸಿದರೆ ಮೂಗಿನೊಳಗೆ ತೂಕ ಹಾಕಬೇಕು. ಅಷ್ಟೆ.

ಅಷ್ಟು ಗೊತ್ತಾದದ್ದೇ ತಡ, ರಾಮಾಂಜಿನಪ್ಪ ಭಾವನ ಮನೆಯ ಜಗಲಿಗೆ ಹೋಗಿ, ನಾಲ್ಕು ಜನರ ಮುಂದೆ, "ಭಾವ, ಈ ಏಕಾದಶಿಗೆ ನಾನು ಉಂಡೆ ಹಿಡಿಯಲ್ಲ. ನಂದೇ ವಿಮಾನ ಹಾರಿಸ್ತೀನಿ. ದಾರಾನೂ ಇರಲ್ಲ, ಬಾಲಂಗೋಚೀನೂ ಇರಲ್ಲ" ಎಂದುಬಿಟ್ಟ.

ಮುನಿವೆಂಕಟಪ್ಪ ಎಲೆಯಡಿಕೆ ಉಗಿದು ಬಂದು ನಿಧಾನವಾಗಿ ಕೂತ. "ದಾರ ಇಲ್ದೆ ಹಾರ್ಬೋದು ಮೇಷ್ಟ್ರೇ, ಕಾಗೆ ಹಾರಲ್ವಾ? ಆದ್ರೆ ಬಾಲಂಗೋಚಿ ಇಲ್ದೆ ಆಗಲ್ಲ. ಹಿಂದ್ಗಡೆ ಚಿಂದಿ ಬಾಲ ಕಟ್ಟಿದ್ರೇನೇ ಪಟ ತಲೆಕೆಳಗಾಗ್ದೆ ನಿಲ್ಲೋದು. ವಿಮಾನ ಏನು ಅದರ ಅಪ್ಪನಾ?"

"ನೋಡೇ ಬಿಡಾಣ."

"ನೋಡಾಣ. ಗುಡ್ಡದ ಬಂಡೆ ಮೇಲಿಂದ ಬಿಟ್ಟು ಕೆಳಗಿನ ಹುಣಸೆಮರ ದಾಟಿಸಿದ್ರೆ, ಮುಂದಕ್ಕೆ ನಿಮ್ಮ ಹಿಂದೆ ನಾನು ಉಂಡೆ ಹಿಡ್ಕೊಂಡು ನಿಲ್ತೀನಿ. ದಾಟದಿದ್ರೋ, ಇಲ್ಲಾ ಒಂದೇ ಒಂದು ಚೂರು ಬಾಲಂಗೋಚಿ ಸೇರಿಸಿದ್ರೋ, ನಿಮ್ಮ ಕೈಯಲ್ಲಿ ಕಸುವಿರೋವರೆಗೂ ಉಂಡೆ ನಿಮ್ದೇ."

ಆ ಏಕಾದಶಿ ಇವತ್ತು.

ವಿಮಾನ ಬಿದ್ದ ಸದ್ದಿಗೆ ಪಕ್ಕದ ಮನೆಯ ಮುತ್ತಮ್ಮಜ್ಜಿ ಪೊರಕೆ ಹಿಡಿದುಕೊಂಡೇ ಬಂದಳು. ಎದುರು ಮನೆಯಿಂದ ಮಗ್ಗದ ಕೊಂಡಪ್ಪ ತಾತ ಹೆಗಲ ಮೇಲೆ ನೂಲು ಹೊತ್ತುಕೊಂಡೇ ಬಂದ.

"ಏನಪ್ಪಾ ಮೇಷ್ಟ್ರೇ, ಇದನ್ನ ಮೇಲೆ ಹೋದ್ಮೇಲೆ ಯಾರು ಹಿಡ್ಕೊಂಡಿರ್ತಾರೆ?" ಎಂದಳು ಮುತ್ತಮ್ಮಜ್ಜಿ.

"ಯಾರೂ ಇಲ್ಲಜ್ಜಿ. ಅಮೇರಿಕಾದಲ್ಲಂತೂ ಇಂಥದ್ದನ್ನ ನೆಲದ ಮೇಲೆ ನಿಂತ್ಕೊಂಡು ರೇಡಿಯೋದಲ್ಲೇ ತಿರುಗಿಸ್ತಾರಂತೆ."

"ರೇಡಿಯೋ ಹೇಳೋದನ್ನ ಮನುಷ್ಯರೇ ಕೇಳಲ್ಲ, ಇದು ಕೇಳುತ್ತಾ?"

ಕೊಂಡಪ್ಪ ತಾತ ವಿಮಾನವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅದರ ಒಡಲು ಒಲೆ ಊದುವ ಕೊಳವೆಯಂತೆ ಟೊಳ್ಳಾಗಿತ್ತು, ಹಿಂದಿನ ತುದಿ ತೆರೆದೇ ಇತ್ತು. "ಎಲ್ಲಾ ಸೈ ಮೇಷ್ಟ್ರೇ. ಒಂದೇ ಒಂದು ಸಣ್ಣ ಬಾಲಂಗೋಚಿ ಕಟ್ಬಿಡಿ. ಕಣ್ಣಿಗೇ ಕಾಣ್ಬಾರ್ದು, ಅಂಥದ್ದು ನಾನು ಕೊಡ್ತೀನಿ."

"ಬೇಡ ತಾತ."

"ನನ್ನ ಹಳೇ ಸೀರೆ ಅಂಚಿದೆ," ಎಂದಳು ಮುತ್ತಮ್ಮಜ್ಜಿ. ಬಟ್ಟೆಗೆಲ್ಲ ರೇಷನ್ನಿದ್ದ ಆ ದಿನಗಳಲ್ಲಿ ಸೀರೆಯ ಅಂಚು ಕೊಡುತ್ತೇನೆನ್ನುವುದು ಸಣ್ಣ ಮಾತಲ್ಲ.

"ಬೇಡ ಅಜ್ಜಿ!"

ವರಲಕ್ಷ್ಮಮ್ಮ ಸಗಣಿ ಕೈ ತೊಳೆದುಕೊಂಡಳು. ಅವಳು ಗಾಳಿಪಟದವರ ಮನೆಯ ಹೆಣ್ಣು. ಬಾಲಂಗೋಚಿ ಇಲ್ಲದೆ ಏನಾದರೂ ಹಾರುತ್ತದೆಂದು ಅವಳು ನಂಬುವುದೂ ಒಂದೇ, ಉಪ್ಪಿಲ್ಲದ ಸಾರು ರುಚಿಯಾಗುತ್ತದೆಂದು ನಂಬುವುದೂ ಒಂದೇ. ಗಂಡನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ರಾಮಾಂಜಿನಪ್ಪ ವಿಮಾನವನ್ನು ಒರೆಸಿ, ಹರಿದ ಕಾಗದಕ್ಕೆ ತೇಪೆ ಹಾಕಿ, ಒಲೆಯ ಹತ್ತಿರ ಒಣಗಿಸಿದ. ನಡುಮನೆಯಲ್ಲಿ ಉಸಿರು ಬಿಗಿಹಿಡಿದು ರೆಕ್ಕೆಗಳಡಿ ಬೆರಳು ಕೊಟ್ಟು ಎತ್ತಿದ. ಆಹಾ! ಬಾಲವೂ ಕುಸಿಯಲಿಲ್ಲ, ಮೂಗೂ ಬಗ್ಗಲಿಲ್ಲ. ಕೆರೆಯ ನೀರಿನ ಮೇಲೆ ನಿಂತ ದೋಣಿಯ ಹಾಗೆ ನಿಂತಿತು.

"ನೋಡಿದ್ಯಾ ಕಂದಾ? ಇದೇ ತೂಕದ ನಡು. ಇನ್ನು ನನ್ನನ್ನ ಕೇಳ್ದೆ ಯಾರೂ ಇದನ್ನ ಮುಟ್ಬಾರ್ದು. ಯಾರೂ ಅಂದ್ರೆ ಯಾರೂ. ಗೊತ್ತಾಯ್ತಾ?"

"ಹೂಂ ಅಪ್ಪಾ," ಎಂದು ಅನುಸೂಯ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ರೀ, ಬಾವಿಯಿಂದ ಎರಡು ಕೊಡ ನೀರು ತಂದ್ಕೊಡಿ," ಎಂದು ಅಡುಗೆಮನೆಯಿಂದ ಕೂಗು ಬಂತು. "ನನಗೆ ಸೊಂಟ ಹಿಡ್ಕೊಂಡಿದೆ."

ಅವನು ನೀರು ತಂದು ಸುರಿದು ಬಂದು, ಆ ಸೊಗಸನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆಗೆ ವಿಮಾನವನ್ನು ಮತ್ತೆ ಬೆರಳ ಮೇಲೆ ನಿಲ್ಲಿಸಿದ. ಬಾಲ ಧಡಕ್ಕನೆ ಕೆಳಗೆ ಹೋಯಿತು.

ರಾಮಾಂಜಿನಪ್ಪ ಕಣ್ಣುಜ್ಜಿಕೊಂಡ. ಸಗಣಿ ನೀರು ಒಳಗೆ ಇಳಿದು ಹಿಂದಕ್ಕೆ ಹರಿದಿರಬೇಕು! ಮೂಗಿನ ಗೂಡಿಗೆ ಒಂದು ಉಂಡೆ ಜೇಡಿಮಣ್ಣು ಮೆತ್ತಿದ. ಇನ್ನಷ್ಟು ಮೆತ್ತಿದ. ಸರಿಹೋಯಿತು.

"ಅಪ್ಪಾ, ಒಂದು ಕೇಳ್ಲಾ?" ಎಂದಳು ಅನುಸೂಯ.

"ಆಮೇಲೆ ಕಂದಾ. ನಿನ್ನ ಉಸಿರು ತಾಗಿದ್ರೂ ಅಲ್ಲಾಡುತ್ತೆ."

ಅಷ್ಟರಲ್ಲಿ ಮುತ್ತಮ್ಮಜ್ಜಿ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡಳು. "ಮೇಷ್ಟ್ರೇ, ನನ್ನ ಕರು ಹಗ್ಗ ಕಿತ್ಕೊಂಡು ಓಡ್ತಾ ಇದೆ! ನೀನಾದ್ರೂ ಹಿಡ್ಕೊಡಪ್ಪಾ, ನನ್ನ ಕಾಲಲ್ಲಿ ಏನಿದೆ!"

ಕರು ಓಡುತ್ತಿರಲಿಲ್ಲ. ಅಜ್ಜಿಯ ಹಿತ್ತಲ ಬೇಲಿಯಾಚೆ ಯಾರೋ ಈಗ ತಾನೆ ಬಿಚ್ಚಿಬಿಟ್ಟ ಹಾಗೆ ಸುಮ್ಮನೆ ನಿಂತು ಮೇಯುತ್ತಿತ್ತು. ಆದರೆ ರಾಮಾಂಜಿನಪ್ಪ ಹತ್ತಿರ ಹೋದಮೇಲೆ ಓಡಿತು. ಅವನು ಅದರ ಹಿಂದೆ ರಾಗಿ ಹೊಲದ ತನಕ ಓಡಿ, ಮೊಣಕಾಲು ತರಚಿಕೊಂಡು, ಕರುವಿನ ಬದಲು ತಾನೇ ಕಟ್ಟಿಸಿಕೊಂಡವನ ಹಾಗೆ ಹಗ್ಗ ಸುತ್ತಿಕೊಂಡು ಬಂದ.

ವಿಮಾನ ಎತ್ತಿದ. ಮತ್ತೆ ಬಾಲ ಧಡಕ್.

"ಈ ಮನೆ ನೆಲ ಓರೆಯಾಗಿದೆ!" ಎಂದು ಅವನು ಕೂಗಿದ. ವಿಮಾನವನ್ನು ಬೆರಳ ಮೇಲಿಟ್ಟುಕೊಂಡು ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲಿಗೆ, ಹಿತ್ತಲಿನಿಂದ ದೇವರ ಗೂಡಿನ ಮುಂದಕ್ಕೆ ನಡೆದ. ಪೂರ್ವಕ್ಕೆ ತಿರುಗಿ ನಿಂತ, ಪಶ್ಚಿಮಕ್ಕೆ ತಿರುಗಿ ನಿಂತ. ಬಾಲ ಎಲ್ಲಿಯೂ ಮರ್ಯಾದೆ ಕೊಡಲಿಲ್ಲ. ವರಲಕ್ಷ್ಮಮ್ಮ ಒಲೆಯ ಕಡೆ ಮುಖ ಮಾಡಿಕೊಂಡು ಏನನ್ನೋ ಬಹಳ ಶ್ರದ್ಧೆಯಿಂದ ಕದಡುತ್ತಿದ್ದಳು. ಪಾತ್ರೆಯಲ್ಲಿ ಬರೀ ನೀರಿತ್ತು.

ಕೊನೆಗೆ ಎತ್ತಿನ ಲಾಳದ ಮೊಳೆಗಳನ್ನು ಹುಡುಕಿ ತಂದು ಮೂಗಿನ ಗೂಡಿಗೆ ತುಂಬಿದ. ಸಮನಾಯಿತು.

"ಅಪ್ಪಾ, ಈಗ ಕೇಳ್ಲಾ?"

"ಅಮ್ಮಾ ತಾಯೀ, ಈಗ ಬೇಡ. ತಲೆ ಕೆಟ್ಟಿದೆ."

ಅನುಸೂಯ ಬಾಯಿ ಮುಚ್ಚಿಕೊಂಡಳು. ಅವಳ ಮುಷ್ಟಿಯೂ ಮುಚ್ಚಿತ್ತು. ಅದರೊಳಗೇನಿದೆ ಎಂದು ಯಾರೂ ನೋಡಲಿಲ್ಲ.

ಮೂರನೆಯ ಸಲ ಬಂದವನು ಕೊಂಡಪ್ಪ ತಾತ. ಮಗ್ಗದ ಮೇಲಿನ ಹಗ್ಗ ತೊಲೆಯಿಂದ ಜಾರಿದೆ, ನಿಮ್ಮಂಥ ಉದ್ದದವರೇ ಆಗಬೇಕು ಎಂದ. ರಾಮಾಂಜಿನಪ್ಪ ಹೋಗಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯ ಅಂಚಿನಲ್ಲಿ ತುದಿಗಾಲಲ್ಲಿ ನಿಂತು ಹಗ್ಗ ಬಿಗಿಯುವಾಗ, "ಅಲ್ಲೇ ಹಿಡ್ಕೊಂಡಿರಿ ಮೇಷ್ಟ್ರೇ, ಒಂದು ಗಳಿಗೆ, ಬೀಡಿ ಕಡ್ಡಿ ಮರ್ತು ಬಂದೆ" ಎಂದು ಹೇಳಿ ತಾತ ಎತ್ತಲೋ ಹೋದ. ಹೋದವನು ಮೇಷ್ಟ್ರ ತೋಳು ಸೋತು ಬಿದ್ದುಹೋಗುವ ಹೊತ್ತಿಗೆ ಬಂದ. ಬೀಡಿ ಹಚ್ಚಿರಲಿಲ್ಲ. ಆದರೆ ದೊಡ್ಡ ಪುಣ್ಯದ ಕೆಲಸ ಮಾಡಿ ಬಂದವನ ಹಾಗೆ ನಗುತ್ತಿದ್ದ.

ಮನೆಗೆ ಬಂದ ರಾಮಾಂಜಿನಪ್ಪ ನಡುಗುವ ಬೆರಳಿನಿಂದ ವಿಮಾನ ಎತ್ತಿದ. ಈ ಸಲ ಬಾಲ ಕುಸಿಯಲಿಲ್ಲ, ಬಾವಿಗೆ ಬಿಟ್ಟ ಕೊಡದ ಹಾಗೆ ಕೆಳಗೆ ಹೋಯಿತು.

"ವರಲಕ್ಷ್ಮೀ, ನನಗೆ ಅವಲಕ್ಕಿ ಕೊಡು."

"ಅಯ್ಯೋ, ಇವತ್ತು ಉಪವಾಸ ಅಂದ್ರಲ್ಲ?"

"ಉಪವಾಸದಿಂದಾನೇ ಬೆರಳು ನಡುಗ್ತಿರೋದು. ಅದಕ್ಕೇ ತೂಕ ತಪ್ತಾ ಇದೆ. ದೇವರಿಗೆ ನಾನು ಆಮೇಲೆ ಹೇಳ್ಕೋತೀನಿ."

ಒಂದು ತಟ್ಟೆ ಅವಲಕ್ಕಿ, ಮೇಲೆ ಎರಡು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಒಳಗೆ ಹೋದವು. ಬೆರಳು ಗೂಟದ ಹಾಗೆ ಗಟ್ಟಿಯಾಯಿತು. ಬಾಲ ಮಾತ್ರ ಬಿದ್ದೇ ಬಿತ್ತು. ಏಕಾದಶಿಯೂ ಕೆಟ್ಟಿತು, ತೂಕವೂ ಕೆಟ್ಟಿತು. ಹೊರಗೆ ಆಗಲೇ ಗುಡ್ಡದ ಕಡೆ ಜನ ಹೋಗುವ ಗದ್ದಲ. ರಾಮಾಂಜಿನಪ್ಪ ಅಟ್ಟಕ್ಕೆ ಕೈ ಹಾಕಿ, ಸಿಕ್ಕಿದ ಒಂದು ಮುರಿದ ಕಬ್ಬಿಣದ ಬೀಗವನ್ನು ಮೂಗಿನ ಗೂಡಿಗೆ ತುರುಕಿ, ಅದರ ಮೇಲೆ ಕಾಗದ ಅಂಟಿಸಿಬಿಟ್ಟ. ಬೆರಳ ಮೇಲೆ ಇಟ್ಟ. ಸಮನಾಗಿ ನಿಂತಿತು. ಆದರೆ ಬೆಳಿಗ್ಗೆ ಹೂವಿನ ಹಾಗಿದ್ದ ವಿಮಾನ ಈಗ ಕಾವಿಗೆ ಕೂತ ಕೋಳಿಯಷ್ಟು ಭಾರವಾಗಿತ್ತು.

"ಅಪ್ಪಾ..."

"ಗುಡ್ಡದ ಮೇಲೆ ಕೇಳುವೆಯಂತೆ, ನಡಿ!"

ಗುಡ್ಡದ ಮೇಲೆ ಊರಿಗೆ ಊರೇ ಸೇರಿತ್ತು. ಮಾಕಳಿದುರ್ಗದ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಗಂಡಸರು ಪಂಚೆಯನ್ನೂ ಹೆಂಗಸರು ಸೆರಗನ್ನೂ ಹಿಡಿದುಕೊಂಡೇ ನಿಂತಿದ್ದರು. ಅಂಥ ಗಾಳಿಗೆ ಚಿಕ್ಕ ಪಟಗಳೆಲ್ಲ ಹರಿದುಹೋಗಿ, ಮುನಿವೆಂಕಟಪ್ಪನ ಆಳೆತ್ತರದ ಪಟ ಒಂದೇ ಮೇಲೆ ನಿಂತಿತ್ತು, ಅದರ ಬಾಲಂಗೋಚಿ ಮದುವೆ ಮನೆಯ ತೋರಣದಂತೆ ಆಡುತ್ತಿತ್ತು. ಅವನು ದಾರವನ್ನು ಒಂದು ಕಲ್ಲಿಗೆ ಸುತ್ತಿ, ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದ.

"ಬನ್ನಿ ಮೇಷ್ಟ್ರೇ. ಉಂಡೆ ಈಗ್ಲೇ ತಗೋತೀರೋ, ಬಿದ್ದ ಮೇಲೆ ತಗೋತೀರೋ?"

ಜನ ನಕ್ಕರು. ಅವನು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ರೆಕ್ಕೆಯ ಮೇಲೆ, ಕೆಳಗೆ, ಬಾಲದ ತುದಿಯಲ್ಲಿ ನೋಡಿದ. "ದಾರ ಇಲ್ಲ. ಬಾಲಂಗೋಚಿ ಇಲ್ಲ. ಎಲ್ರೂ ನೋಡ್ಕೊಳ್ಳಿ, ಆಮೇಲೆ ಭಾವ ಮೋಸ ಮಾಡ್ದ ಅನ್ಬಾರ್ದು."

ರಾಮಾಂಜಿನಪ್ಪ ಬಂಡೆ ಹತ್ತಿದ. ಕೆಳಗೆ ಹುಣಸೆಮರ ಬೆಳಿಗ್ಗೆಗಿಂತ ದೂರ ಸರಿದು ನಿಂತ ಹಾಗಿತ್ತು. ಅವನ ಹಿಂದೆ ವರಲಕ್ಷ್ಮಮ್ಮ ಕಣ್ಣು ಮುಚ್ಚಿ ಮನೆದೇವರಿಗೆ ಹೇಳಿಕೊಂಡಳು. ಅತ್ತ ಕಡೆ ಮುತ್ತಮ್ಮಜ್ಜಿಯೂ, ಇತ್ತ ಕಡೆ ಕೊಂಡಪ್ಪ ತಾತನೂ ಕಣ್ಣು ಮುಚ್ಚಿದರು. ರಾಮಾಂಜಿನಪ್ಪ ಗಾಳಿಗೆ ಎದುರಾಗಿ ನಾಲ್ಕು ಹೆಜ್ಜೆ ಓಡಿ, ತಾನೂ ಕಣ್ಣು ಮುಚ್ಚಿ, ವಿಮಾನವನ್ನು ಎಸೆದ.

ಗಾಳಿ ಅದನ್ನು ಹಿಡಿದು ಹಿಂದಕ್ಕೆ ತಳ್ಳಲು ನೋಡಿತು. ಆದರೆ ಬೆಳಗಿನ ವಿಮಾನವಾಗಿದ್ದರೆ ತಾನೆ? ಈ ಭಾರಕ್ಕೆ ಗಾಳಿಯೇ ಸೋತಿತು. ಸೀಮೆಎಣ್ಣೆ ಸಾಲಿನಲ್ಲಿ ಮುತ್ತಮ್ಮಜ್ಜಿ ನುಗ್ಗುವ ಹಾಗೆ ವಿಮಾನ ಗಾಳಿಯನ್ನು ಎಡಕ್ಕೂ ಬಲಕ್ಕೂ ತಳ್ಳಿಕೊಂಡು ನೇರವಾಗಿ ಹೋಯಿತು. ಮೂಗು ಬಗ್ಗಲಿಲ್ಲ, ಬಾಲ ಕುಸಿಯಲಿಲ್ಲ. ಹುಣಸೆಮರದ ನೆತ್ತಿಯ ಮೇಲೆ ಹಾದು, ಅದರಾಚೆಯ ರಾಗಿ ಹೊಲವನ್ನೂ ದಾಟಿ, ಹುಲ್ಲುಬದುವಿನ ಮೇಲೆ ಹಸು ಮಲಗಿದಷ್ಟು ನಿಧಾನವಾಗಿ ಹೊಟ್ಟೆಯೂರಿ ಕೂತಿತು.

ಗುಡ್ಡಕ್ಕೆ ಗುಡ್ಡವೇ ಕೂಗಿಕೊಂಡಿತು. ಆ ಕೂಗಿಗೆ ಮುನಿವೆಂಕಟಪ್ಪನ ಪಟವೂ ಮೇಲೆ ಬೆಚ್ಚಿತು.

"ಉಂಡೆ ಮೇಷ್ಟ್ರಲ್ಲ ಕಣ್ರೋ, ವಿಮಾನದ ಮೇಷ್ಟ್ರು!" ಎಂದು ಸ್ಕೂಲಿನ ಹುಡುಗರು ಕುಣಿದರು. ಅನುಸೂಯ ಗುಡ್ಡ ಇಳಿದು ಓಡಿ, ವಿಮಾನವನ್ನು ತಲೆಯ ಮೇಲೆ ಹೊತ್ತು ತಂದಳು. ವರಲಕ್ಷ್ಮಮ್ಮನ ಮುಖದಲ್ಲಿ ತನಗೊಬ್ಬಳಿಗೇ ಗೊತ್ತಿರುವ ಗುಟ್ಟಿನ ಸಂತೋಷವಿತ್ತು. ವಿಚಿತ್ರವೆಂದರೆ ಮುತ್ತಮ್ಮಜ್ಜಿಯ ಮುಖದಲ್ಲೂ ಅದೇ ಸಂತೋಷ, ಕೊಂಡಪ್ಪ ತಾತನ ಮುಖದಲ್ಲೂ ಅದೇ.

ಮುನಿವೆಂಕಟಪ್ಪ ಗಾಳಿಪಟದಲ್ಲಿ ಗಟ್ಟಿಗ, ಮಾತಿನಲ್ಲೂ ಗಟ್ಟಿಗ. ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಸೋತೆ ಮೇಷ್ಟ್ರೇ. ಬಾಲಂಗೋಚಿ ಇಲ್ದೆ ಹಾರಿಸ್ಬಿಟ್ರಿ. ನಮ್ಮ ತಾತನ ಕಾಲದ ಮಾತು ಸುಳ್ಳಾಯ್ತು. ಎಲ್ರೂ ಕೇಳಿಸ್ಕೊಳ್ಳಿ, ಇವತ್ತಿಂದ ಈ ಉಂಡೆ ನಂದು."

ರಾಮಾಂಜಿನಪ್ಪನಿಗೆ ತನ್ನ ಖಾಲಿ ಕೈಗಳನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಒಮ್ಮೆ ಸೊಂಟದ ಮೇಲಿಟ್ಟ, ಒಮ್ಮೆ ಬೆನ್ನ ಹಿಂದಿಟ್ಟ, ಕೊನೆಗೆ ಎದೆಯ ಮೇಲೆ ಕಟ್ಟಿಕೊಂಡು, ಕ್ಲಾಸಿನಲ್ಲಿ ನಿಂತವನ ಹಾಗೆ ಗಂಟಲು ಸರಿಮಾಡಿಕೊಂಡ.

"ಇದರಲ್ಲಿ ನನ್ನದೇನೂ ಇಲ್ಲ ಭಾವ. ಎಲ್ಲಾ ತೂಕದ ಲೆಕ್ಕ. ಹಿಂದೆ ಎಷ್ಟೋ ಮುಂದೆ ಅಷ್ಟೇ. ತಿಳ್ಕೊಂಡವನು ಹಾರಿಸ್ತಾನೆ. ಯಾರಿಗಾದ್ರೂ ಏನಾದ್ರೂ ಕೇಳೋದಿದ್ರೆ ಕೇಳಿ."

ಅವನ ಪಂಚೆಯನ್ನು ಯಾರೋ ಎಳೆದರು.

"ಅಪ್ಪಾ, ನಾನು ಕೇಳ್ಲಾ?"

"ಹಾಂ! ನನ್ನ ಮಗಳು ಬೆಳಗ್ಗಿಂದ ಒಂದು ಕೇಳ್ಬೇಕು ಅಂತಿದ್ದಾಳೆ. ನಾನೇ ಬಿಡುವಿಲ್ಲ ಅಂದ್ಬಿಟ್ಟೆ. ಕೇಳು ಕಂದಾ." ಅವನು ಅವಳನ್ನು ಎತ್ತಿ ಬಂಡೆಯ ಮೇಲೆ ನಿಲ್ಲಿಸಿದ. ಉಂಡೆ ಮರಿ ಎಂದವರೆಲ್ಲ ನೋಡಲಿ!

"ಅನ್ಸೂ, ಮನೆಗೆ ಹೋಗಿ ಕೇಳುವೆಯಂತೆ ಬಾರೇ," ಎಂದಳು ವರಲಕ್ಷ್ಮಮ್ಮ ಇದ್ದಕ್ಕಿದ್ದಂತೆ.

"ಮಗೂಗೆ ಹಸಿವಾಗಿದೆ, ಪಾಪ," ಎಂದಳು ಮುತ್ತಮ್ಮಜ್ಜಿ.

"ಮಳೆ ಬರೋ ಹಾಗಿದೆ, ನಡೀರಿ ನಡೀರಿ," ಎಂದ ಕೊಂಡಪ್ಪ ತಾತ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ಸುಮ್ನಿರ್ರೀ ಎಲ್ಲ! ಮಗು ಕೇಳ್ಲಿ," ಎಂದು ಮುನಿವೆಂಕಟಪ್ಪನೇ ಗದರಿಸಿದ. "ಕೇಳು ಪುಟ್ಟಾ, ನಾವೂ ಕಲಿತೀವಿ."

"ಜೋರಾಗಿ ಕೇಳು," ಎಂದ ರಾಮಾಂಜಿನಪ್ಪ. "ಗುಡ್ಡಕ್ಕೆಲ್ಲ ಕೇಳಿಸ್ಲಿ."

ಅನುಸೂಯ ಒಂದು ಕೈಯಲ್ಲಿ ವಿಮಾನ ಅಪ್ಪಿಕೊಂಡು, ಬೆಳಗಿನಿಂದ ಬಿಗಿಹಿಡಿದು ಬೆವೆತಿದ್ದ ಇನ್ನೊಂದು ಮುಷ್ಟಿಯನ್ನು ಬಿಚ್ಚಿದಳು. ಅದರಲ್ಲಿ ಅವಳ ಹಳೆಯ ಲಂಗದಿಂದ ಹರಿದ ಒಂದು ಕೆಂಪು ಚಿಂದಿ ಇತ್ತು. ಅವಳು ದೊಡ್ಡದಾಗಿ ಉಸಿರೆಳೆದುಕೊಂಡು ಕೇಳಿದಳು:

"ಅಪ್ಪಾ, ಅಮ್ಮ ಇದರ ಹೊಟ್ಟೆಯೊಳಗೆ ಒಂದು ಬಾಲಂಗೋಚಿ ತುರುಕಿದ್ಳು, ಆಮೇಲೆ ಮುತ್ತಮ್ಮಜ್ಜಿ ಬಂದು ಒಂದು ತುರುಕಿದ್ರು, ಆಮೇಲೆ ಕೊಂಡಪ್ಪ ತಾತ ಬಂದು ಇಷ್ಟು ದಪ್ಪದ್ದು ಒಂದು ತುರುಕಿದ್ರು. ನಿನ್ನ ಕೇಳ್ದೆ ಯಾರೂ ಮುಟ್ಬಾರ್ದು ಅಂದಿದ್ಯಲ್ಲ, ಅದಕ್ಕೇ ಕೇಳ್ತಾ ಇದ್ದೀನಿ... ನಂದೂ ಒಂದು ಒಳಗಿಡ್ಲಾ?"